ಹಿತ್ತಲ ತುಂಬ ಹಳದಿ ಹೂ: ಇಲ್ಲಿನದೇ ಬಟರ್‌ಕಪ್ಪಾ, ಕೀಳಬೇಕಾದ ಕಳೆಯಾ?

ಮಲ್ಲಿಗೆಮೊಗ್ಗು · ಮಾರ್ಚ್ 24

ಎಲ್ಲರಿಗೂ ನಮಸ್ಕಾರ. ಗಿಡ ಗೊತ್ತಿರುವವರು ಸ್ವಲ್ಪ ಸಹಾಯ ಮಾಡಿ. ನಾವಿರುವುದು ಮಿಸ್ಸೂರಿಯಲ್ಲಿ, ಸೇಂಟ್ ಲೂಯಿಸ್‌ನಿಂದ ಪಶ್ಚಿಮಕ್ಕೆ ವೈಲ್ಡ್‌ವುಡ್ ಕಡೆ. ಹೋದ ಆಗಸ್ಟ್‌ನಲ್ಲಿ ಈ ಮನೆಗೆ ಬಂದೆವು, ಹಾಗಾಗಿ ಈ ಹಿತ್ತಲಿನ ವಸಂತ ನಮಗೆ ಹೊಸತು. ಜಾಗ ಪೂರ್ತಿ ಇಳಿಜಾರು. ಮೇಲ್ಗಡೆ ಬರೀ ಕಲ್ಲು, ನಾಲ್ಕೈದು ಸೀಡರ್ ಮರ, ಮಣ್ಣು ಅನ್ನುವುದು ಒಂದು ಗೇಣೂ ಇಲ್ಲ. ಕೆಳಗೆ ಇಳಿದರೆ ಸಣ್ಣ ಹಳ್ಳ.

ವಿಷಯ ಏನೆಂದರೆ, ಮರಗಳಲ್ಲಿ ಇನ್ನೂ ಎಲೆ ಇಲ್ಲ, ಬೆಳಿಗ್ಗೆ ಜಾಕೆಟ್ ಇಲ್ಲದೆ ಬಾಗಿಲು ತೆಗೆಯೋಕೆ ಆಗಲ್ಲ, ಅಷ್ಟರಲ್ಲೇ ಹಿತ್ತಲ ತುಂಬ ಹಳದಿ ಹೂ. ಎಸಳು ಎಣ್ಣೆ ಸವರಿದ ಹಾಗೆ ಮಿಂಚುತ್ತದೆ. ಅಮ್ಮ ತೀರ್ಥಹಳ್ಳಿಯಿಂದ ಬಂದು ಮೂರು ತಿಂಗಳಾಯಿತು. ಪಾಪ, ಇಡೀ ಚಳಿಗಾಲ ಕಿಟಕಿ ಪಕ್ಕ ಕೂತು ಬೂದು ಬಣ್ಣ ನೋಡಿ ನೋಡಿ ಸಾಕಾಗಿತ್ತು. ಹೂ ಕಂಡಿದ್ದೇ ಬಟ್ಟಲು ಹಿಡಿದು ಇಳಿದರು. ಯುಗಾದಿಗೆ ದೇವರಿಗೆ ಅಂಗಡಿ ಹೂ ಬೇಡ, ಇದೇ ಸಾಕು ಅಂದರು.

ಪಕ್ಕದ ಮನೆಯಾತ ಬೇಲಿ ಮೇಲಿಂದ ನೋಡಿ, ಅಯ್ಯೋ ಅದು ಲೆಸರ್ ಸೆಲಂಡೈನ್, ಭಾರಿ ಕೆಟ್ಟ ಕಳೆ, ಈಗಲೇ ಔಷಧಿ ಹೊಡೆಸಿ ಅಂದ. ಎರಡು ದಿನ ಬಿಟ್ಟು ಬಡಾವಣೆ ಸಂಘದಿಂದಲೂ ಮೇಲ್ ಬಂತು, ಹದಿನೈದು ದಿನದಲ್ಲಿ ತೆಗೆಸಿ ಅಂತ. ಫೋನಿನ ಆ್ಯಪ್‌ಗೆ ಫೋಟೋ ತೋರಿಸಿದರೆ ಒಂದು ಸಲ ಲೆಸರ್ ಸೆಲಂಡೈನ್ ಅನ್ನುತ್ತದೆ, ಇನ್ನೊಂದು ಸಲ ಅರ್ಲಿ ಬಟರ್‌ಕಪ್, ಇಲ್ಲಿನದೇ ಕಾಡು ಹೂ ಅನ್ನುತ್ತದೆ. ಯಾರನ್ನು ನಂಬಲಿ? ಶನಿವಾರ ಔಷಧಿ ಹೊಡೆಯುವವನು ಬರುತ್ತಾನೆ. ಅಷ್ಟರೊಳಗೆ ಗೊತ್ತಾಗಬೇಕು.

ನಾಲ್ಕು ಫೋಟೋ ಹಾಕಿದ್ದೇನೆ. 1 ಹಳ್ಳದ ಪಕ್ಕ, 2 ಹೂ ಹತ್ತಿರದಿಂದ, 3 ಎಲೆ, 4 ಅಮ್ಮನ ಅಂಗೈಯಲ್ಲಿ ಹೂ.

ಕಾಫಿಕುಡುಕ · ಮಾರ್ಚ್ 24

ನನಗೆ ಹಳದಿ ಹೂ ಎಲ್ಲ ಒಂದೇ, ಸೇವಂತಿಗೆ. ಆದರೂ ಫೋಟೋ 4 ಚೆನ್ನಾಗಿದೆ, ಅಮ್ಮನಿಗೆ ನಮಸ್ಕಾರ ಹೇಳಿ.

ಕಳೆಕೀಳುವಾಕೆ · ಮಾರ್ಚ್ 24

ಅಕ್ಕ, ಫೋಟೋ 1 ನೋಡಿ ನನಗೆ ಮೈ ಉರಿಯಿತು. ಇದು ಲೆಸರ್ ಸೆಲಂಡೈನೇ, ಅನುಮಾನವೇ ಬೇಡ. ನಾನು ಓಹಾಯೋದಲ್ಲಿ ಇದರ ಜೊತೆ ಆರು ವರ್ಷದಿಂದ ಗುದ್ದಾಡುತ್ತಿದ್ದೇನೆ. ಚಾಪೆ ಹಾಸಿದ ಹಾಗೆ ಹಬ್ಬಿದೆ ನೋಡಿ, ಮಧ್ಯೆ ಒಂದು ಬೆರಳು ಇಡಲು ಜಾಗ ಇಲ್ಲ. ಎಲೆ ವೀಳ್ಯದೆಲೆಯ ಮರಿ ಇದ್ದ ಹಾಗೆ, ಹೃದಯದ ಆಕಾರ, ಮಿಂಚುವ ಹಸಿರು.

ಇದು ಯೂರೋಪಿನ ಗಿಡ. ಚೆಂದ ಇದೆ ಅಂತ ಯಾರೋ ತೋಟಕ್ಕೆ ತಂದರು, ಅಮೆರಿಕದಲ್ಲಿ 1867ರಲ್ಲೇ ಪೆನ್ಸಿಲ್ವೇನಿಯಾದಲ್ಲಿ ದಾಖಲಾಗಿದೆ. ಚಳಿಗಾಲ ಮುಗಿಯುವ ಮೊದಲೇ ಎದ್ದು ಬರುತ್ತದೆ, ಜೂನ್ ಹೊತ್ತಿಗೆ ಪೂರ್ತಿ ಮಾಯ. ಆಮೇಲೆ ಹುಡುಕಿದರೂ ಒಂದು ಎಲೆ ಸಿಗಲ್ಲ, ನೆಲದ ಕೆಳಗೆ ಗೆಡ್ಡೆ ಮಾತ್ರ ಆರಾಮಾಗಿ ಮಲಗಿರುತ್ತದೆ. ತೊಂದರೆ ಎಲ್ಲಿ ಅಂದರೆ, ಇಲ್ಲಿನ ಬ್ಲಡ್‌ರೂಟ್, ಸ್ಪ್ರಿಂಗ್ ಬ್ಯೂಟಿ, ಬ್ಲೂಬೆಲ್‌ಗಳಿಗೆ ಇರುವುದೂ ಅದೇ ಮೂರು ತಿಂಗಳು. ಮರ ಚಿಗುರಿ ನೆರಳು ಬೀಳುವ ಮೊದಲು ಹೂ ಬಿಟ್ಟು ಕಾಯಿ ಕಟ್ಟಬೇಕು. ಅಷ್ಟರಲ್ಲಿ ಇದು ಮೇಲೆ ಹೊದಿಕೆ ಹಾಕಿಬಿಟ್ಟರೆ ಅವುಗಳ ಕಥೆ ಮುಗಿಯಿತು.

ಒಂದು ಗಿಡ ಅಗೆದು ನೋಡಿ. ಬೇರಿನಲ್ಲಿ ಗೆಡ್ಡೆ ಇದ್ದರೆ ಸೆಲಂಡೈನ್. ಇಲ್ಲದಿದ್ದರೆ ಬಟರ್‌ಕಪ್. ಅಷ್ಟೇ.

ಮಲ್ಲಿಗೆಮೊಗ್ಗು · ಮಾರ್ಚ್ 25

ಅಗೆದೆ. ಗೆಡ್ಡೆ ಇದೆ. 🙁

ಮೇಲ್ಗಡೆ ಸೀಡರ್ ಮರದ ಹತ್ತಿರ ಸುಲಭವಾಗಿ ಸಿಕ್ಕಿದ ಒಂದು ಗಿಡ ತೆಗೆದೆ. ಕಲ್ಲು ಸಂದಿಯಿಂದ ಬಿಡಿಸಲು ಹಳೆಯ ದೋಸೆ ಮಗುಚುವ ಕೈ ಬೇಕಾಯಿತು. ಬುಡದಲ್ಲಿ ಒಂದು ಗೊಂಚಲು ದಪ್ಪ ಬೇರು, ಜೊತೆಗೆ ದಾರದ ಹಾಗೆ ತೆಳ್ಳಗಿನವೂ ಇವೆ. ಫೋಟೋ 5. ಹಾಗಾದರೆ ಪಕ್ಕದ ಮನೆಯಾತ ಹೇಳಿದ್ದೇ ಸರಿ. ಶನಿವಾರ ಎಲ್ಲಕ್ಕೂ ಹೊಡೆಸಿಬಿಡುತ್ತೇನೆ. ಅಮ್ಮನಿಗೆ ಹೇಗೆ ಹೇಳಲಿ ಅಂತ ಯೋಚನೆ.

ಬೇರುಬಿಟ್ಟವ · ಮಾರ್ಚ್ 25

ತಡೀರಿ ತಡೀರಿ. ಶನಿವಾರದವನಿಗೆ ಫೋನ್ ಮಾಡಿ ಬರಬೇಡ ಅನ್ನಿ.

ನಾನು ಮಿಸ್ಸೂರಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ, ಓಝಾರ್ಕ್ ಕಡೆ ಕಲ್ಲುಬಯಲುಗಳಲ್ಲಿ ಸುತ್ತುವುದೇ ನನ್ನ ಚಟ. ನಿಮ್ಮ ನಾಲ್ಕು ಫೋಟೋಗಳಲ್ಲಿ ಇರುವುದು ಒಂದು ಗಿಡ ಅಲ್ಲ, ಎರಡು. ಅಮ್ಮನ ಅಂಗೈಯನ್ನು ದೊಡ್ಡದು ಮಾಡಿ ನೋಡಿ, ನಾನು ಕೂತು ಎಣಿಸಿದೆ. ಎಂಟು ಎಸಳಿನ ಹೂ ಏಳು ಇವೆ. ಹೆಬ್ಬೆರಳಿನ ಪಕ್ಕ ಐದು ಎಸಳಿನವು ಮೂರು. ಆ ಮೂರರ ಎಸಳು ಒಂದಕ್ಕೊಂದು ಮುಟ್ಟುತ್ತಿಲ್ಲ, ನಡುವೆ ಸಂದಿ ಇದೆ. ಫೋಟೋ 2ರಲ್ಲಿ ಇರುವುದೂ ಐದೆಸಳಿನದೇ. 1 ಮತ್ತು 3 ಮಾತ್ರ ಹಳ್ಳದ ಪಕ್ಕದ್ದು. ನಿಮ್ಮ ಆ್ಯಪ್ ಎರಡು ಉತ್ತರ ಕೊಟ್ಟಿದ್ದು ತಪ್ಪಲ್ಲ, ನೀವು ಎರಡು ಗಿಡ ತೋರಿಸಿದ್ದೀರಿ.

ಈಗ ಬೇರು. ಕಳೆಕೀಳುವಾಕೆ ಅವರು ಹೇಳಿದ ಗೆಡ್ಡೆ ಪರೀಕ್ಷೆ ಓಹಾಯೋದ ಹಳ್ಳದ ದಂಡೆಯಲ್ಲಿ ನಡೆಯಬಹುದು, ಮಿಸ್ಸೂರಿಯ ಕಲ್ಲಿನ ಮೇಲೆ ನಡೆಯಲ್ಲ. ಯಾಕೆಂದರೆ ಇಲ್ಲಿನ ಅರ್ಲಿ ಬಟರ್‌ಕಪ್, ಅಂದರೆ ರನುಂಕ್ಯುಲಸ್ ಫ್ಯಾಸಿಕ್ಯುಲಾರಿಸ್‌ಗೂ ದಪ್ಪ ಬೇರು ಇರುತ್ತದೆ. ಫ್ಯಾಸಿಕ್ಯುಲಾರಿಸ್ ಅಂದರೇ ಕಟ್ಟು, ಗೊಂಚಲು ಅಂತ. ಹೆಸರಲ್ಲೇ ಬೇರು ಇದೆ. ನಮ್ಮ ಕಡೆ ಹಲವು ಮಕ್ಕಳ ತಾಯಿ ಬೇರು ನೋಡಿದ್ದೀರಲ್ಲ, ಅದನ್ನು ಗೊಂಬೆಮನೆಗೆ ಆಗುವಷ್ಟು ಚಿಕ್ಕದು ಮಾಡಿದರೆ ಇದೇ. ಫೋಟೋ 5 ಪಕ್ಕಾ ಹಾಗಿದೆ: ಉದ್ದಕ್ಕೆ ಇಳಿದ, ತುದಿಗೆ ಸಣ್ಣಗಾಗುವ ಬೇರು, ಮಧ್ಯೆ ದಾರದಂಥವು. ಸೆಲಂಡೈನ್‌ನದು ಹೀಗಿರಲ್ಲ. ಅದು ಗಿಡ್ಡ, ಉರುಟು, ನೆನೆಸಿದ ಕಡಲೆಬೀಜ ಗುಂಪಾಗಿ ಅಂಟಿಸಿದ ಹಾಗೆ, ಮುಟ್ಟಿದರೆ ಕಳಚಿ ಮಣ್ಣಿಗೆ ಬೀಳುತ್ತದೆ. ಅದು ಹಬ್ಬುವುದೇ ಹಾಗೆ.

ನಿಮ್ಮ ಮೇಲ್ಗಡೆ ಇರುವುದು ಕಳೆ ಅಲ್ಲ, ಆ ಕಲ್ಲಿನ ಮೇಲಿನ ಮೂಲ ನಿವಾಸಿ. ದಯವಿಟ್ಟು ಅದಕ್ಕೆ ಔಷಧಿ ಹೊಡೆಸಬೇಡಿ.

ಮಲ್ಲಿಗೆಮೊಗ್ಗು · ಮಾರ್ಚ್ 25

ಅಯ್ಯೋ ದೇವರೇ. ಅಮ್ಮನ ಕೈ ಫೋಟೋ ನಾನೇ ತೆಗೆದಿದ್ದು, ಎಣಿಸಬೇಕು ಅಂತ ಹೊಳೆಯಲೇ ಇಲ್ಲ. ಬೇಡ ಅಂತ ಫೋನ್ ಮಾಡಿದೆ. ಮುಂಗಡ ವಾಪಸ್ ಕೊಡಲ್ಲವಂತೆ, ಹೋಗಲಿ.

ಹಸಿರುಕಣ್ಣು · ಮಾರ್ಚ್ 25

ಧಾರವಾಡದಿಂದ. ಸಸ್ಯಶಾಸ್ತ್ರ ಓದಿದವಳು, ಅಮೆರಿಕ ನೋಡಿಲ್ಲ, ಹಾಗಾಗಿ ಸ್ವಲ್ಪ ತಲೆಹರಟೆ ಮಾಡುತ್ತೇನೆ. ಎರಡು ಗಿಡ ಅನ್ನುವುದನ್ನು ಒಪ್ಪಿದೆ. ಆದರೆ ಮೇಲಿನದು ಫ್ಯಾಸಿಕ್ಯುಲಾರಿಸ್ ಅಂತ ಬರೀ ಐದೆಸಳು ನೋಡಿ ಹೇಳಲು ಆಗಲ್ಲ ಅಲ್ವಾ? ರನುಂಕ್ಯುಲಸ್ ಕುಲದಲ್ಲಿ ಸುಮಾರು 600 ಜಾತಿ ಇವೆ, ಬಹುಪಾಲಿಗೆ ಐದು ಹಳದಿ ಎಸಳೇ. ಬಟರ್‌ಕಪ್ ಗುರುತಿಸುವಾಗ ಹೂವಿನ ಮುಖ ನೋಡುವವರು ಸೋಲುತ್ತಾರೆ. ಹೂ ಮಗುಚಿ ಬೆನ್ನು ನೋಡಬೇಕು.

ಅಕ್ಕ, ಮೂರು ಫೋಟೋ ಬೇಕು, ಮೇಲಿನ ಗಿಡದ್ದು. ಹೂವಿನ ಹಿಂಭಾಗದ ಹಸಿರು ಎಸಳು ಎಷ್ಟಿವೆ, ಹೂವಿಗೆ ಅಂಟಿಕೊಂಡಿವೆಯೋ ಕೆಳಕ್ಕೆ ಮಡಚಿವೆಯೋ. ಬುಡದ ಎಲೆ, ಮೇಲೆ ಕೆಳಗೆ ಎರಡೂ. ಮತ್ತೆ ದಂಟು ಮಣ್ಣು ಸೇರುವ ಜಾಗ. ನನಗೆ ಎರಡು ಅನುಮಾನ ಇದೆ. ಒಂದು ಹಿಸ್ಪಿಡಸ್, ಅದೂ ನಿಮ್ಮಲ್ಲಿನದೇ. ಇನ್ನೊಂದು ಬಲ್ಬೋಸಸ್, ಅದು ಯೂರೋಪಿನಿಂದ ಬಂದದ್ದು.

ಕಾಫಿಕುಡುಕ · ಮಾರ್ಚ್ 25

ಫ್ಯಾಸಿಕ್ಯುಲಾರಿಸ್, ಹಿಸ್ಪಿಡಸ್, ಬಲ್ಬೋಸಸ್. ಯಾವುದೋ ಮಾಂತ್ರಿಕನ ಮಂತ್ರದ ಹಾಗಿದೆ. ಬಟರ್‌ಕಪ್‌ಗೆ ಕನ್ನಡದಲ್ಲಿ ಹೆಸರಿಲ್ವಾ?

ಹಸಿರುಕಣ್ಣು · ಮಾರ್ಚ್ 26

ರನುಂಕ್ಯುಲಸ್ ಅಂದರೆ ಲ್ಯಾಟಿನ್‌ನಲ್ಲಿ ಪುಟ್ಟ ಕಪ್ಪೆ. ನೀರಿನ ಪಕ್ಕ ಬೆಳೆಯುವವು ಜಾಸ್ತಿ, ಅದಕ್ಕೆ. ಇಂಗ್ಲಿಷ್‌ನವರು ಇನ್ನೊಂದು ಹೆಸರು ಇಟ್ಟಿದ್ದಾರೆ, ಕ್ರೋಫುಟ್, ಎಲೆ ಕಾಗೆಯ ಪಾದದ ಹಾಗೆ ಸೀಳಿರುತ್ತದೆ ಅಂತ. ನನ್ನ ನೋಟ್ಸ್ ನೋಡಿ ಮೇಷ್ಟ್ರು ಕಾಗೆಕಾಲು ಗುಬ್ಬಿಕಾಲು ಅಂತ ಬೈಯುತ್ತಿದ್ದರು, ಈ ಗಿಡ ನೋಡಿದಾಗೆಲ್ಲ ಅದೇ ನೆನಪು. ಕನ್ನಡದಲ್ಲಿ ಕಾಗೆಕಾಲು ಅಂದುಕೊಳ್ಳಿ, ನನ್ನ ಅಭ್ಯಂತರ ಇಲ್ಲ.

ನೆಂಟರನ್ನು ಕೇಳಿದರೆ ಅಡುಗೆಮನೆಯಲ್ಲೇ ಇದ್ದಾರೆ. ಕಲೋಂಜಿ ಇದೇ ಕುಟುಂಬ. ಆಯುರ್ವೇದದ ವತ್ಸನಾಭಿಯೂ ಇದೇ ಕುಟುಂಬ. ಒಬ್ಬ ನಾನ್ ಮೇಲೆ ಉದುರುತ್ತಾನೆ, ಇನ್ನೊಬ್ಬ ಜೀವ ತೆಗೆಯುತ್ತಾನೆ.

ಚಾರಣಿಗ ಮೈಸೂರು · ಮಾರ್ಚ್ 26

ನೀಲಗಿರಿಯ ಮೇಲಿನ ಹುಲ್ಲುಗಾವಲುಗಳಲ್ಲಿ ಒಂದು ಬಟರ್‌ಕಪ್ ಇದೆ, ರನುಂಕ್ಯುಲಸ್ ರೆನಿಫಾರ್ಮಿಸ್. ಮುನ್ನಾರ್ ಹತ್ತಿರ ಎರವಿಕುಳಂನಲ್ಲೂ ಇದೆ. ಎಲೆ ಮೂತ್ರಪಿಂಡದ ಆಕಾರ, ಎಸಳು ಐದಕ್ಕಿಂತ ಎಷ್ಟೋ ಜಾಸ್ತಿ. ಹೊಳಪು ಮಾತ್ರ ಇದೇ. ಬೆಳಗಿನ ಬಿಸಿಲಲ್ಲಿ ಫೋಟೋ ತೆಗೆದರೆ ಎಸಳು ಬಿಳಿಯಾಗಿ ಬರುತ್ತದೆ, ಅಷ್ಟು ಮಿಂಚು. ಯಾಕೆ ಹಾಗೆ ಮಿಂಚುತ್ತದೆ ಅಂತ ಯಾರಾದರೂ ಹೇಳಿ.

ಬೇರುಬಿಟ್ಟವ · ಮಾರ್ಚ್ 26

ಎಸಳಿನ ಮೇಲ್ಪದರ ತೀರ ತೆಳು, ನುಣುಪು. ಅದರಲ್ಲೇ ಹಳದಿ ಬಣ್ಣ ಇರುತ್ತದೆ. ಅದರ ಕೆಳಗೆ ಗಾಳಿಯ ಒಂದು ಪದರ, ಅದರ ಕೆಳಗೆ ಗಂಜಿಹಿಟ್ಟಿನಂಥ ಪಿಷ್ಟದ ಬಿಳಿ ಪದರ. ಬೆಳಕು ಇವೆಲ್ಲದರಿಂದ ವಾಪಸ್ ಬರುತ್ತದೆ. ಕೇಂಬ್ರಿಡ್ಜ್‌ನವರು 2011ರಲ್ಲಿ ಇದನ್ನು ಅಳೆದು ನೋಡಿದರು. ಇಲ್ಲಿ ಮಕ್ಕಳು ಹೂವನ್ನು ಗದ್ದದ ಕೆಳಗೆ ಹಿಡಿಯುತ್ತಾರೆ, ಗದ್ದ ಹಳದಿಯಾದರೆ ನಿನಗೆ ಬೆಣ್ಣೆ ಇಷ್ಟ ಅಂತ. ಎಲ್ಲರ ಗದ್ದವೂ ಹಳದಿಯಾಗುತ್ತದೆ. ನೆದರ್ಲೆಂಡ್ಸ್‌ನ ಕ್ರೋನಿಂಗನ್‌ನವರು 2017ರಲ್ಲಿ ಇನ್ನೊಂದು ಹೇಳಿದರು: ಬಟ್ಟಲಿನ ಆಕಾರಕ್ಕೆ ಈ ಹೊಳಪೂ ಸೇರಿ ಬಿಸಿಲು ಹೂವಿನ ನಡುವಿಗೆ ಬೀಳುತ್ತದೆ, ಒಳಗೆ ಸ್ವಲ್ಪ ಬೆಚ್ಚಗಿರುತ್ತದೆ. ಮಾರ್ಚ್ ಚಳಿಯಲ್ಲಿ ಹೂ ಬಿಡುವವರಿಗೆ ಅದು ದೊಡ್ಡ ವಿಷಯ.

ಮಲ್ಲಿಗೆಮೊಗ್ಗು · ಮಾರ್ಚ್ 26

ಫೋಟೋ 6, 7, 8 ಹಾಕಿದ್ದೇನೆ. ಮಂಡಿಯೂರಿ ತೆಗೆದದ್ದು, ಪ್ಯಾಂಟ್ ಒದ್ದೆ.

ಹೂವಿನ ಹಿಂದೆ ಹಸಿರು ಎಸಳು ಐದು. ಅಗಲಕ್ಕೆ ಚಾಚಿವೆ, ಕೆಳಕ್ಕೆ ಮಡಚಿಲ್ಲ. ಅಲ್ಲಿಂದ ಹಳ್ಳಕ್ಕೂ ಇಳಿದು ಅಲ್ಲಿನ ಹೂ ಮಗುಚಿದೆ. ಅದಕ್ಕೆ ಹಿಂದೆ ಇರುವುದು ಮೂರೇ! ಇಷ್ಟು ದಿನ ಎರಡನ್ನೂ ಒಂದೇ ಅಂದುಕೊಂಡಿದ್ದೆನಲ್ಲ ಅಂತ ನಾಚಿಕೆಯಾಯಿತು. ಎಲೆಯಂತೂ ಸಂಬಂಧವೇ ಇಲ್ಲ. ಮೇಲಿನದು ಸೀಳು ಸೀಳು, ಕೊತ್ತಂಬರಿ ಎಲೆ ಸ್ವಲ್ಪ ಒರಟಾದ ಹಾಗೆ, ಮೂರೋ ಐದೋ ಭಾಗ, ತುದಿಯ ಭಾಗಕ್ಕೆ ಬೇರೆ ತೊಟ್ಟು. ಕೆಳಗೆ ಮಗುಚಿದರೆ ರೇಷ್ಮೆ ಹಾಗೆ ಬೆಳ್ಳಿ ಕೂದಲು, ಒಂದೇ ದಿಕ್ಕಿಗೆ ಬಾಚಿದಂತೆ ಮಲಗಿದೆ. ಇಡೀ ಗಿಡ ಒಂದು ಗೇಣಿಗಿಂತ ಕಡಿಮೆ.

ಹಸಿರುಕಣ್ಣು · ಮಾರ್ಚ್ 26

ಆ ಮಲಗಿದ ಬೆಳ್ಳಿ ಕೂದಲು ನೋಡಿ ನನ್ನ ಅರ್ಧ ವಾದ ಮುಗಿಯಿತು. ಹಿಸ್ಪಿಡಸ್ ಆಗಿದ್ದರೆ ದಂಟಿನ ಕೂದಲು ಸಾಮಾನ್ಯವಾಗಿ ಸೆಟೆದು ನಿಂತಿರುತ್ತದೆ, ಎಲೆ ಉದ್ದದಷ್ಟೇ ಅಗಲ ಇರುತ್ತದೆ, ಎಸಳೂ ಅಗಲ. ಬೇರೂ ತೆಳ್ಳಗೆ, ದಪ್ಪ ಆಗುವುದೇ ಇಲ್ಲ. ಅದಕ್ಕೆ ತೇವದ ಕಾಡು ಇಷ್ಟ, ಒಣ ಕಲ್ಲಲ್ಲ. ಬಲ್ಬೋಸಸ್ ಆಗಿದ್ದರೆ ಹಿಂದಿನ ಹಸಿರು ಎಸಳು ಛತ್ರಿ ಗಾಳಿಗೆ ತಿರುಚಿಕೊಂಡ ಹಾಗೆ ಪೂರ್ತಿ ಕೆಳಕ್ಕೆ ಮಡಚಿರಬೇಕು, ದಂಟಿನ ಬುಡ ಸಾಂಬಾರ್ ಈರುಳ್ಳಿ ಹಾಗೆ ಉಬ್ಬಿರಬೇಕು. ಫೋಟೋ 8ರಲ್ಲಿ ಉಬ್ಬು ಕಾಣಲಿಲ್ಲ, ಆದರೆ ಮಣ್ಣು ಮೆತ್ತಿದೆ, ಪೂರ್ತಿ ಖಾತ್ರಿ ಇಲ್ಲ. ಕಾಯಿ ಕಟ್ಟಿದಾಗ ಒಂದು ಫೋಟೋ ಹಾಕಿ. ಅಲ್ಲಿಯವರೆಗೆ ನೂರಕ್ಕೆ ತೊಂಬತ್ತು ಅನ್ನುತ್ತೇನೆ.

ಬೇರುಬಿಟ್ಟವ · ಮಾರ್ಚ್ 26

ತೊಂಬತ್ತು ಕೊಡುವ ಮೇಡಂ ಸಿಕ್ಕಿದ್ದೇ ನಮ್ಮ ಪುಣ್ಯ. 😄 ನಾನಂತೂ ಜಾಗ ನೋಡಿಯೇ ನೂರು ಕೊಟ್ಟಾಗಿದೆ. ಸುಣ್ಣಕಲ್ಲು, ಸೀಡರ್, ಒಣ ಇಳಿಜಾರು, ಮಾರ್ಚ್. ಗ್ರೇ ಸಮಿಟ್‌ನ ಶಾ ನೇಚರ್ ರಿಸರ್ವ್‌ಗೆ ಹೋಗಿ ನೋಡಿ, ನಿಮ್ಮಿಂದ ದೂರವೇನಿಲ್ಲ. ಅಲ್ಲಿ ಕಲ್ಲುಬಯಲು ಇದೆ, ನಿಮ್ಮ ಹಿತ್ತಲಿನ ಹಾಗೇ. ಅಲ್ಲಿ ಏನನ್ನೂ ಅಗೆಯಬೇಡಿ, ಕೊಯ್ಯಲೂಬೇಡಿ, ಸುಮ್ನೆ ನೋಡಿ.

ಬಾಯ್ಸಿಭಟ್ಟ · ಮಾರ್ಚ್ 27

ಐಡಹೋದಿಂದ ಹಾಜರಿ. ನಮ್ಮಲ್ಲಿ ಇಷ್ಟು ಗೊಂದಲ ಇಲ್ಲಪ್ಪ. ಇಲ್ಲಿನದು ಸೇಜ್‌ಬ್ರಷ್ ಬಟರ್‌ಕಪ್, ರನುಂಕ್ಯುಲಸ್ ಗ್ಲಾಬೆರಿಮಸ್. ಗ್ಲಾಬೆರಿಮಸ್ ಅಂದರೆ ಮಹಾ ನುಣ್ಣಗಿನದು, ಒಂದು ಕೂದಲೂ ಇಲ್ಲ. ಎಲೆಯೂ ಸೀಳಿರಲ್ಲ, ಚಮಚದ ಹಾಗೆ ಉರುಟು, ಕೆಲವು ಗಿಡಗಳಲ್ಲಿ ಮಾತ್ರ ತುದಿ ಮೂರಾಗಿರುತ್ತದೆ. ಫೆಬ್ರವರಿ ಕೊನೆಗೆ ಬೆಟ್ಟದ ಮೇಲೆ ಹಿಮ ಕರಗಿದ ಅಂಚಿನಲ್ಲೇ ಬರುತ್ತದೆ. ಹಳೆಯದಾದರೆ ಎಸಳು ಬೆಳ್ಳಗಾಗುತ್ತದೆ, ಮೊದಲ ವರ್ಷ ನಾನು ಅದನ್ನು ಬೇರೆ ಹೂ ಅಂತ ಡೈರಿಯಲ್ಲಿ ಬರೆದುಕೊಂಡಿದ್ದೆ. ಈ ಕಡೆ ಓಕನಾಗನ್ ಜನರ ಭಾಷೆಯಲ್ಲಿ ಇದಕ್ಕೆ ಕಯೋಟಿಯ ಕಣ್ಣು ಅನ್ನುವ ಅರ್ಥದ ಹೆಸರಿದೆ. ಕಯೋಟಿ ಅಂದರೆ ಇಲ್ಲಿನ ನರಿ ಅಂದುಕೊಳ್ಳಿ.

ಮಲ್ಲಿಗೆಮೊಗ್ಗು · ಮಾರ್ಚ್ 27

ಒಂದು ಎಡವಟ್ಟು ಆಗಿದೆ. ಅಮ್ಮ ನಿನ್ನೆ ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿದರು. ಊರಲ್ಲಿ ಯಾವ ಗಿಡ ಸಿಕ್ಕಿದರೂ ಅದೇ ಮಾಡುವುದು. ಸಂಜೆ ಹೊತ್ತಿಗೆ ಎರಡು ಬೆರಳ ತುದಿ ಕೆಂಪಾಗಿ ಉರಿ ಶುರುವಾಯಿತು. ಕೆಸುವಿನ ಹಾಗೆ ಅಂತ ಅವರೇ ಹುಣಸೆಹುಳಿ ತಿಕ್ಕಿದರು. ಕಡಿಮೆ ಆಗಲಿಲ್ಲ.

ಹಸಿರುಕಣ್ಣು · ಮಾರ್ಚ್ 27

ಹುಳಿ ಬೇಡ ಅಕ್ಕ, ಸೋಪು ಹಾಕಿ ತುಂಬ ನೀರಲ್ಲಿ ತೊಳೆಯಿರಿ. ಕೆಸುವಿನಲ್ಲಿ ಚುಚ್ಚುವುದು ಸೂಜಿಯಂಥ ಹರಳು, ಅಲ್ಲಿನ ಲೆಕ್ಕ ಬೇರೆ. ಬಟರ್‌ಕಪ್‌ನ ಎಲೆ ದಂಟು ಜಜ್ಜಿದಾಗ ಒಳಗೆ ಪ್ರೋಟೊಅನೆಮೊನಿನ್ ಅನ್ನುವ ಖಾರದ ವಿಷ ಹುಟ್ಟುತ್ತದೆ. ಜಜ್ಜದಿದ್ದರೆ ಇಲ್ಲ. ಅದಕ್ಕೇ ಹೂ ಕೊಯ್ದಾಗ ಏನೂ ಆಗಲಿಲ್ಲ, ಹೊಸಕಿದಾಗ ಆಯಿತು. ಬೊಬ್ಬೆ ಎದ್ದರೆ ಡಾಕ್ಟರಿಗೆ ತೋರಿಸಿ. ಕಣ್ಣು ಉಜ್ಜಬೇಡಿ ಅನ್ನಿ, ಬಾಯಿಗಂತೂ ಬೇಡವೇ ಬೇಡ. ಮಗು ಇದ್ದರೆ ನೋಡಿಕೊಳ್ಳಿ. ದನಗಳೂ ಹಸಿ ಗಿಡ ಬಿಟ್ಟು ಪಕ್ಕದ ಹುಲ್ಲು ಮೇಯುತ್ತವೆ. ಒಣಗಿ ಹುಲ್ಲಿನ ಜೊತೆ ಸೇರಿದರೆ ವಿಷ ಇರಲ್ಲ.

ಕಳೆಕೀಳುವಾಕೆ · ಮಾರ್ಚ್ 27

ಮೊದಲು ಕ್ಷಮಿಸಿ ಅಕ್ಕ. ನನ್ನ ಗೆಡ್ಡೆ ಪರೀಕ್ಷೆ ನಂಬಿ ನೀವು ಪಾಪದ ಗಿಡ ಕಿತ್ತಿರಿ. ಓಹಾಯೋದಲ್ಲಿ ನಾನು ನೋಡಿದ್ದೆಲ್ಲ ಹಳ್ಳದ ಪಕ್ಕದ್ದೇ.

ಆದರೆ ಹಳ್ಳದ ಪಕ್ಕದ್ದನ್ನು ಬಿಡಬೇಡಿ, ಅದು ಸೆಲಂಡೈನೇ. ಜಾಗ ಚಿಕ್ಕದಿದ್ದರೆ ಕೈಯಲ್ಲಿ ಅಗೆಯಿರಿ, ಗುದ್ದಲಿಗಿಂತ ಸಣ್ಣ ಕೈಸಲಿಕೆ ವಾಸಿ, ಮಣ್ಣು ಸಮೇತ ಎತ್ತಿ. ಗೆಡ್ಡೆ ಜೊತೆಗೆ ಎಲೆಯ ಬುಡದಲ್ಲೂ ಸಾಬೂದಾನಿಯಂಥ ಮರಿಗೆಡ್ಡೆ ಇರುತ್ತವೆ, ಅವೂ ಉದುರಿ ಗಿಡ ಆಗುತ್ತವೆ. ಗೊಬ್ಬರದ ಗುಂಡಿಗೆ ಹಾಕಲೇಬೇಡಿ. ಕಸದ ಚೀಲದಲ್ಲಿ ಕಟ್ಟಿ ಕಸಕ್ಕೆ. ಒಂದು ವರ್ಷಕ್ಕೆ ಮುಗಿಯಲ್ಲ, ಮುಂದಿನ ವರ್ಷವೂ ಅಗೆಯಬೇಕು. ಔಷಧಿ ಹೊಡೆಸಲೇಬೇಕಾದರೆ ನೀರಿನ ಪಕ್ಕ ಬಳಸಲು ಅನುಮತಿ ಇರುವ ಗ್ಲೈಫೊಸೇಟೇ ಆಗಬೇಕು, ಮಾಮೂಲಿ ಡಬ್ಬಿ ಹಳ್ಳದ ಕಪ್ಪೆಗಳಿಗೆ ಒಳ್ಳೆಯದಲ್ಲ.

ಕಾಫಿಕುಡುಕ · ಮಾರ್ಚ್ 28

ಪುಟ್ಟ ಕಪ್ಪೆ ಹೂವಿಗೆ ಹೊಡೆದ ಔಷಧಿ ನಿಜವಾದ ಕಪ್ಪೆಗೆ ತಗಲುವುದು ಅಂದರೆ ಇದೇ. ಶನಿವಾರ ನಾನೂ ಬರುತ್ತೇನೆ, ಅರ್ಧ ಗಂಟೆ ದಾರಿ. ಅಗೆಯಲು ಬರುತ್ತದೆ. ಮಧ್ಯಾಹ್ನ ಊಟ ಸಿಗುತ್ತದಾ?

ಮಲ್ಲಿಗೆಮೊಗ್ಗು · ಮಾರ್ಚ್ 28

ಖಂಡಿತ ಬನ್ನಿ. ಅಮ್ಮ ಪತ್ರೊಡೆ ಮಾಡಬೇಕು ಅಂದುಕೊಂಡಿದ್ದಾರೆ, ಕೆಸುವಿನೆಲೆ ಸಿಕ್ಕಿದರೆ. ಬೆರಳು ವಾಸಿಯಾಗಿದೆ.

ಮಲ್ಲಿಗೆಮೊಗ್ಗು · ಏಪ್ರಿಲ್ 5

ಸುದ್ದಿ ಹೇಳಲು ಬಂದೆ. ಎರಡು ಶನಿವಾರ ಸೇರಿ ಹನ್ನೊಂದು ಚೀಲ ಸೆಲಂಡೈನ್ ತೆಗೆದೆವು. ಕಾಫಿಕುಡುಕ ಅವರು ಮೊದಲ ಶನಿವಾರ ಒಂದು ಗಂಟೆ ಅಗೆದು ಮೂರು ಗಂಟೆ ಊಟ ಮಾಡಿದರು. ಅದರ ಕೆಳಗೆ ಅಡಗಿದ್ದ ಸ್ಪ್ರಿಂಗ್ ಬ್ಯೂಟಿ ಒಂದಷ್ಟು ತಲೆ ಎತ್ತಿವೆ, ಗುಲಾಬಿ ಗೆರೆಯ ಸಣ್ಣ ಹೂ. ಮೇಲಿನ ಬಟರ್‌ಕಪ್ ಒಂದೊಂದರ ಪಕ್ಕ ಐಸ್‌ಕ್ರೀಮ್ ಕಡ್ಡಿ ನೆಟ್ಟಿದ್ದೇನೆ, ನಲವತ್ತೊಂದು ಇವೆ. ನಾನು ಅಗೆದ ಗಿಡವನ್ನು ಅದೇ ಸಂದಿಗೆ ವಾಪಸ್ ನೆಟ್ಟೆ, ಬದುಕಿದೆ ಅನ್ನಿಸುತ್ತದೆ.

ಸಂಘಕ್ಕೆ ಎರಡೂ ಹೂವಿನ ಬೆನ್ನಿನ ಫೋಟೋ ಕಳಿಸಿದೆ, ಇದು ಮೂರು, ಇದು ಐದು ಅಂತ ಬರೆದು. ಇನ್ನೂ ಉತ್ತರ ಇಲ್ಲ. ಪಕ್ಕದ ಮನೆಯಾತ ಮಾತ್ರ ಬಂದು ಬಗ್ಗಿ ನೋಡಿ, ತನ್ನ ಹುಲ್ಲಿನಲ್ಲಿ ಇರುವುದು ಯಾವುದು ಅಂತ ಕೇಳಿದ. ಹೋಗಿ ನೋಡಿದರೆ ಎಂಟೆಸಳು, ಹಿಂದೆ ಮೂರು. ಏನೂ ಹೇಳಲಿಲ್ಲ, ಒಂದು ಚೀಲ ಕೊಟ್ಟು ಬಂದೆ.

ಮಲ್ಲಿಗೆಮೊಗ್ಗು · ಏಪ್ರಿಲ್ 29

ಹಸಿರುಕಣ್ಣು ಅವರೇ, ಕಾಯಿ ಕಟ್ಟಿದೆ. ಫೋಟೋ 12. ಹಸಿರು ಮುಳ್ಳುಂಡೆ ಹಾಗಿದೆ, ಒಂದೊಂದು ಬೀಜಕ್ಕೂ ಒಂದು ಕೊಕ್ಕು. ನಿಮ್ಮ ಉಳಿದ ಹತ್ತು ಮಾರ್ಕು ಇದರಲ್ಲಿ ಇದೆಯಾ ನೋಡಿ.

ಹಸಿರುಕಣ್ಣು · ಏಪ್ರಿಲ್ 30

ಬಲ್ಬೋಸಸ್‌ಗೆ ಕೊಕ್ಕು ಗಿಡ್ಡ, ಬಾಗಿರುತ್ತದೆ. ನಿಮ್ಮದು ಉದ್ದ, ಸಪೂರ, ನೇರ. ತಗೊಳ್ಳಿ ಹತ್ತು.